ಕಿಕ್ಕರ್ ಮೇಲೆ ಮೂರು ದಿನ

ನಮ್ಮ ಯಜಮಾನರ ಮೋಟರ್ ಸೈಕಲ್ ಕೊನೆಯ ಸಲ ಗೇಟು ದಾಟಿದ್ದು ಯಾವತ್ತು ಎಂದು ನಾನು ಅಡುಗೆಮನೆಯ ಕ್ಯಾಲೆಂಡರ್ ನೋಡಿ ಹೇಳಬಲ್ಲೆ. ಗ್ಯಾಸ್ ಬಂದ ದಿನ, ಹಾಲು ಬಾರದ ದಿನ, ಕೆಲಸದವಳು ಊರಿಗೆ ಹೋದ ದಿನ ಎಲ್ಲವನ್ನೂ ಅದರ ಚೌಕಗಳಲ್ಲಿ ಪೆನ್ಸಿಲಿನಿಂದ ಗೀಚಿಡುವುದು ನನ್ನ ಅಭ್ಯಾಸ. ಅವರು ಬಚ್ಚಲಲ್ಲಿ ಜಾರಿ ಬಿದ್ದದ್ದು, ಮಂಡಿಯ ಆಪರೇಷನ್ ಆದದ್ದು, ಹೊಲಿಗೆ ಬಿಚ್ಚಿದ್ದು ಕೂಡ ಅಲ್ಲೇ ಇವೆ. ಆಮೇಲೆ ಎಂಟು ಹಾಳೆ ಮಗುಚಿದ್ದೇನೆ. ಅಷ್ಟೂ ತಿಂಗಳು ಗಾಡಿ ಕೆಳಗೆ ಗೋಡೆಗೆ ಮುಖ ಮಾಡಿಕೊಂಡು, ನನ್ನದೇ ಒಂದು ಹಳೆಯ ಬೆಡ್‌ಶೀಟ್ ಹೊದ್ದುಕೊಂಡು ನಿಂತಿತ್ತು. ಅವರಿಗಾದರೂ ನಾನು ವ್ಯಾಯಾಮ ಮಾಡಿಸುತ್ತಿದ್ದೆ. ಗಾಡಿಯನ್ನು ಕೇಳುವವರಿರಲಿಲ್ಲ.

ನಾವಿರುವುದು ಜರಗನಹಳ್ಳಿಯಲ್ಲಿ, ಮೊದಲನೇ ಮಹಡಿಯ ಬಾಡಿಗೆ ಮನೆಯಲ್ಲಿ. ಈ ಕಟ್ಟಡ ನಿಂತಿರುವ ಜಾಗದಲ್ಲಿ ಮನೆ ಓನರ್‌ನ ಅಪ್ಪ ರಾಗಿ ಬೆಳೆಯುತ್ತಿದ್ದರಂತೆ. ಈಗ ಕೆಳಗಿನ ಮನೆಯಲ್ಲಿ ಓನರ್, ಅವನ ಹೆಂಡತಿ, ಅವನ ತಾಯಿ ಇದ್ದಾರೆ. ಆ ತಾಯಿಯನ್ನು ಇಡೀ ಬೀದಿ ಅಜ್ಜಿ ಎಂದೇ ಕರೆಯುತ್ತದೆ. ಹಗಲೆಲ್ಲ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಸೊಪ್ಪು ಬಿಡಿಸುತ್ತಾ, ಬರುವವರನ್ನೂ ಹೋಗುವವರನ್ನೂ ನೋಡುತ್ತಾ ಕೂತಿರುತ್ತಾರೆ.

ಒಂದು ಗುರುವಾರ ಸಾಯಂಕಾಲ ಓನರ್ ಮೇಲೆ ಬಂದ. ಮೂವತ್ತೈದು ದಾಟಿಲ್ಲ, ನಮ್ಮನ್ನು ಅಂಕಲ್, ಆಂಟಿ ಎನ್ನುತ್ತಾನೆ, ಒಳ್ಳೆಯ ಹುಡುಗ. ಕಾಫಿ ಕುಡಿದು, ಲೋಟ ಕೆಳಗಿಟ್ಟು, ವಿಷಯಕ್ಕೆ ಬಂದ.

“ಅಂಕಲ್, ಎರಡನೇ ಫ್ಲೋರ್‌ಗೆ ಭಾನುವಾರ ಹೊಸಬ್ರು ಬರ್ತಾವ್ರೆ. ಅವ್ರದು ಎರಡು ಸ್ಕೂಟರ್. ಜಾಗ ನಿಮಗೆ ಗೊತ್ತಲ್ಲ, ಎಷ್ಟಿದೆ ಅಂತ. ನಿಮ್ಮದು ಓಡೋ ಗಾಡಿ ಆದ್ರೆ ಇರ್ಲಿ, ಅವ್ರದ್ದೊಂದನ್ನ ಬೀದೀಲಿ ನಿಲ್ಸು ಅಂತೀನಿ. ಆದ್ರೆ ಓಡ್ದೇ ಇರೋದನ್ನ ಇಟ್ಕೊಂಡು ನಾನು ಅವ್ರಿಗೆ ಏನಂತ ಹೇಳ್ಲಿ?”

“ಓಡುತ್ತಪ್ಪ, ಯಾಕೆ ಓಡಲ್ಲ?” ಎಂದರು ನಮ್ಮವರು.

“ಹಂಗಾದ್ರೆ ಭಾನುವಾರ ಮಧ್ಯಾಹ್ನದೊಳಗೆ ಒಂದು ರೌಂಡ್ ಓಡಿಸಿ ತೋರ್ಸಿ ಸಾಕು. ಇಲ್ಲ ಅಂದ್ರೆ ಗುಜರಿಯವನಿಗೆ ಹೇಳ್ತೀನಿ, ಬಂದು ಎತ್ಕೊಂಡು ಹೋಗ್ತಾನೆ. ಬೇಜಾರ್ ಮಾಡ್ಕೋಬೇಡಿ ಅಂಕಲ್.”

ಬೇಜಾರು ಮಾಡಿಕೊಳ್ಳಬೇಡಿ ಎಂದವನು ಹೋದ. ಇವರು ಊಟಕ್ಕೆ ಕೂತವರು ತಟ್ಟೆಯ ಸುತ್ತ ಬೆರಳಾಡಿಸುತ್ತಾ ಕೂತರು. ಡಾಕ್ಟರು ಹಿಂದಿನ ಸಲ “ಗಾಡಿ ಓಡಿಸೋದಾ? ಇನ್ನೆರಡು ತಿಂಗಳಾಗ್ಲಿ, ನೋಡೋಣ” ಎಂದಿದ್ದರು. ಆ ‘ನೋಡೋಣ’ವನ್ನು ಹಿಡಿದುಕೊಂಡೇ ಇವರು ದಿನಾ ಬೆಳಿಗ್ಗೆ ಹಲ್ಲು ಕಚ್ಚಿಕೊಂಡು ಕಾಲು ಮಡಚುತ್ತಿದ್ದದ್ದು.

“ಅದು ಹೋದ್ರೆ ನನ್ನ ಕತೆ ಮುಗೀತು ಅಂತ್ಲೇ ಅರ್ಥ ಕಣೆ” ಎಂದರು. “ಆಮೇಲೆ ಡಾಕ್ಟ್ರು ಹೂ ಅಂದ್ರೂ ಹೊಸದು ತಗೋ ಅಂತ ನೀನೂ ಹೇಳಲ್ಲ, ನಾನೂ ಕೇಳಲ್ಲ. ಆಟೋ ಹಿಂದುಗಡೆ ಕೂತ್ಕೊಂಡೇ ಸಾಯ್ತೀನಿ.”

ಅದು ಸುಳ್ಳಲ್ಲ ಎಂದು ನನಗೂ ಗೊತ್ತಿತ್ತು. ಹಾಗಾಗಿ ಮಾರನೆಯ ದಿನ ತಿಂಡಿ ಪಾತ್ರೆ ತೊಳೆದವಳೇ, ಅವರ ಕೈಗೆ ಊರುಗೋಲು ಕೊಟ್ಟು, ಒಂದೊಂದೇ ಮೆಟ್ಟಿಲು ಇಳಿಸಿಕೊಂಡು ಕೆಳಗೆ ಕರೆತಂದು ಕುರ್ಚಿಯಲ್ಲಿ ಕೂರಿಸಿದೆ. ಅಜ್ಜಿ ಆಗಲೇ ತಮ್ಮ ಕುರ್ಚಿಯಲ್ಲಿದ್ದರು. ಬೆಡ್‌ಶೀಟ್ ತೆಗೆದೆ. ಧೂಳು ಮುಖಕ್ಕೇ ಬಂತು. ಕೀ ಹಾಕಿದರೆ ಒಂದು ದೀಪವೂ ಹತ್ತಲಿಲ್ಲ.

“ಬ್ಯಾಟರಿ ಹೋಗಿದೆ. ಅದಕ್ಕೇನಂತೆ, ಕಿಕ್ಕರ್ ಇದೆಯಲ್ಲ” ಎಂದರು ಇವರು.

“ಕಿಕ್ಕರ್ ಇದೆ, ಕಾಲು ಯಾರದ್ದು ರೀ?”

ಅವರು ನನ್ನ ಕಾಲನ್ನು ನೋಡಿದರು.

ನಾನು ಇಪ್ಪತ್ತು ವರ್ಷದಿಂದ ಸ್ಕೂಟರ್ ಓಡಿಸುವವಳು, ಗುಂಡಿ ಒತ್ತಿದರೆ ಹೊರಡುವ ಸ್ಕೂಟರ್. ಕಿಕ್ಕರ್ ಒದೆಯುವುದೆಂದರೆ ಇಡೀ ಮೈಯ ಕೆಲಸ ಎಂದು ಐವತ್ತೊಂದನೇ ವಯಸ್ಸಿನಲ್ಲಿ ತಿಳಿದುಕೊಳ್ಳಬೇಕಾಗಿರಲಿಲ್ಲ. ಚೂಡಿದಾರದ ದುಪ್ಪಟ್ಟಾ ಸೊಂಟಕ್ಕೆ ಬಿಗಿದು, ಸೀಟು ಹಿಡಿದು ಒದೆಯತೊಡಗಿದೆ.

“ಚೋಕ್ ಎಳಿ.”

“ಎಳೆದೆ.”

“ಪೂರ್ತಿ ಎಳಿ.”

“ಪೂರ್ತಿನೇ ಎಳೆದಿದ್ದೀನಿ.”

“ಹಾಗಾದ್ರೆ ಈಗ ಬಿಡು.”

“ಎಳೆಯೋದೋ ಬಿಡೋದೋ ಒಂದು ಹೇಳ್ರೀ!”

ಮೂವತ್ತೋ ನಲವತ್ತೋ ಒದೆತಗಳಾದ ಮೇಲೆ ಅವರಿಗೆ ನೆನಪಾಯಿತು. “ಪೆಟ್ರೋಲ್ ಆನ್ ಮಾಡಿದ್ಯಾ?” ಟ್ಯಾಂಕಿನ ಕೆಳಗಿನ ತಿರುಪು ಬಂದ್ ಆಗಿಯೇ ಇತ್ತು. ಆಸ್ಪತ್ರೆಯಿಂದ ಬಂದ ಹೊಸದರಲ್ಲಿ, ಸೋರಿಬಿಟ್ಟೀತು ಎಂದು ನನ್ನ ಕೈಯಲ್ಲೇ ಅದನ್ನು ಬಂದ್ ಮಾಡಿಸಿದ್ದವರು ಅವರೇ. ಅದನ್ನು ಹೇಳಿದೆ. “ಅವತ್ತಿಗೆ ಅದು ಸರಿ, ಇವತ್ತಿಗೆ ಇದು ಸರಿ” ಎಂದರು. ಮತ್ತೆ ಒದ್ದೆ. ವಿಚಿತ್ರವೆಂದರೆ ಕಿಕ್ಕರ್ ಕೆಳಗೆ ಹೋದಷ್ಟೇ ಜೋರಾಗಿ ನನ್ನ ಪಾದವನ್ನು ವಾಪಸ್ಸು ತಳ್ಳುತ್ತಿತ್ತು, ಒಳಗೆ ಯಾರೋ ಕೂತು ಬೇಡ ಬೇಡ ಎನ್ನುವ ಹಾಗೆ.

“ರೀ, ಇದು ವಾಪಸ್ ತಳ್ತಿದೆ.”

“ಎಂಟು ತಿಂಗಳು ನಿಂತಿದೆ, ಬಿಗಿ ಆಗಿರುತ್ತೆ. ಒದಿ.”

ಅಜ್ಜಿಗೆ ಅದನ್ನು ನೋಡಲಾಗುತ್ತಿರಲಿಲ್ಲ. “ಶುಕ್ರವಾರದ ದಿನ ಅಂಗ್ಯಾಕ್ ಒದೀತಿಯವ್ವ ಗಾಡೀನ? ಬಿಟ್ಟಾಕು. ಅದ್ರ ಪಾಡಿಗದು ನಿಂತದೆ, ಪಾಪ” ಎಂದರು. ನನ್ನ ಮೇಲಿನ ಕನಿಕರ ಎಂದುಕೊಂಡು ನಾನು ಕರಗಿಹೋದೆ. ಹಿಂದುಗಡೆ ಧೂಳು ಒರೆಸಲು ಹೋದಾಗ ನನ್ನ ಕೈಯಿಂದ ಬಟ್ಟೆಯನ್ನೇ ತೆಗೆದುಕೊಂಡರು. “ಹಿಂದ್ಗಡೆ ನಾ ದಿನಾ ಒರೆಸ್ತಿವ್ನಿ ಬುಡು, ನೀ ಮುಂದೆ ನೋಡ್ಕೊ.” ಬಾಡಿಗೆದಾರರ ಗಾಡಿಯನ್ನು ಓನರ್ ತಾಯಿ ದಿನಾ ಒರೆಸುತ್ತಾರೆ! ಇಂಥ ಮನೆ ಎಲ್ಲಿ ಸಿಗುತ್ತದೆ ಎಂದು ಇವರಿಗೆ ಹೇಳಿಯೂ ಹೇಳಿದೆ.

ಶನಿವಾರ ಇವರು ಮೊಬೈಲಿನಲ್ಲಿ ಮೂರು ವಿಡಿಯೋ ನೋಡಿಕೊಂಡು ಕೆಳಗಿಳಿದರು. ಮೆಕ್ಯಾನಿಕ್ ಕರೆಯೋಣ ಎಂದದ್ದಕ್ಕೆ, “ಒಂದು ಪ್ಲಗ್ ಬಿಚ್ಚೋಕೆ ಮೆಕ್ಯಾನಿಕ್ ಬೇಕಾ? ನಾನಿಲ್ವಾ?” ಎಂದರು. ಬಿಚ್ಚಿದ್ದು ನಾನು. ಪ್ಲಗ್ಗಿನ ಮೂತಿ ಸೀದ ಒಗ್ಗರಣೆಯ ಹಾಗೆ ಕಪ್ಪಗಿತ್ತು. ಉಜ್ಜುಕಾಗದದಿಂದ ಉಜ್ಜಿದೆ, ಊದಿದೆ, ಹಾಕಿದೆ, ಒದ್ದೆ. ಇಲ್ಲ. ಹಾಗಾದರೆ ಪೆಟ್ರೋಲ್ ಹಳಸಿರಬೇಕು ಎಂದಾಯಿತು. ಹಳೆಯದನ್ನು ಡಬ್ಬಕ್ಕೆ ಇಳಿಸಿದರೆ ಪೆಟ್ರೋಲಿನ ವಾಸನೆಯೇ ಇಲ್ಲ, ಗೋಡೆಗೆ ಬಳಿಯುವ ಬಣ್ಣದ ವಾಸನೆ.

ಹೊಸ ಪೆಟ್ರೋಲ್ ತರಲು ಬಾಟಲಿ ಹಿಡಿದು ಕನಕಪುರ ರಸ್ತೆಯ ಬಂಕಿಗೆ ಹೋದೆ. “ಬಾಟ್ಲಿಗೆ ಹಾಕಲ್ಲ ಮೇಡಂ, ಗಾಡಿ ತಗೊಂಡ್ ಬನ್ನಿ.” ಗಾಡಿ ಬರುವ ಹಾಗಿದ್ದರೆ ನಾನು ಬಾಟಲಿ ಯಾಕೆ ತರುತ್ತಿದ್ದೆ? ಇದನ್ನು ಅವನಿಗೆ ಎರಡು ಸಲ ಬಿಡಿಸಿ ಹೇಳಿದೆ. ಅವನು ನನ್ನ ಹಿಂದಿನವರ ಟ್ಯಾಂಕಿಗೆ ಪೈಪು ಹಾಕಿದ. ಕೊನೆಗೆ ನನ್ನ ಸ್ಕೂಟರಿಗೇ ತುಂಬಿಸಿಕೊಂಡು ಬಂದು, ನೀರಿನ ಫಿಲ್ಟರಿನ ಹಳೆಯ ಪೈಪು ಇಳಿಬಿಟ್ಟು, ಬಾಯಿಂದ ಎಳೆದು ಬಾಟಲಿಗೆ ಇಳಿಸಿದೆ. ಒಂದು ಗುಟುಕು ಬಾಯಿಗೂ ಬಂತು. ಸಾಯಂಕಾಲದವರೆಗೆ ಏನು ತಿಂದರೂ ಬಂಕಿನ ರುಚಿ.

“ಸ್ವಲ್ಪ ಹುಷಾರಾಗಿ ಎಳೀಬಾರ್ದಾ?” ಎಂದರು ಕುರ್ಚಿಯವರು.

ಹೊಸ ಪೆಟ್ರೋಲ್ ಹಾಕಿ ಲೆಕ್ಕವಿಲ್ಲದಷ್ಟು ಸಲ ಒದ್ದೆ. ಪ್ಲಗ್ ಬಿಚ್ಚಿದರೆ ಈ ಸಲ ಒದ್ದೆಯಾಗಿತ್ತು, ಪೆಟ್ರೋಲ್ ತಲುಪುತ್ತಿದೆ ಎಂದರ್ಥ. ಅದನ್ನು ಎಂಜಿನ್ನಿಗೆ ತಾಗಿಸಿ ಹಿಡಿದು ಒದ್ದರೆ ಚಿಟಚಿಟ ಕಿಡಿಯೂ ಬಂತು. ಕಿಡಿ ಇದೆ, ಪೆಟ್ರೋಲ್ ಇದೆ, ಗಾಡಿ ಮಾತ್ರ ಹೂ ಅನ್ನುವುದಿಲ್ಲ. ಬಲಗಾಲಿನ ಮೀನಖಂಡ ಕಲ್ಲಾಗಿತ್ತು. ಆ ಸಂಜೆ ಮನೆಯಲ್ಲಿ ಎರಡು ಕಾಲಿಗೆ ಎಣ್ಣೆ ತಿಕ್ಕಬೇಕಾಯಿತು, ಅವರದ್ದೊಂದು, ನನ್ನದೊಂದು.

ಭಾನುವಾರ ಬೆಳಿಗ್ಗೆ ಅವರನ್ನು ಒಂದು ಮಾತೂ ಕೇಳದೆ ಮೂಲೆಯ ಮೆಕ್ಯಾನಿಕ್ಕನ್ನು ಕರೆತಂದೆ. ನನ್ನ ವಯಸ್ಸಿನವನೇ, ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಂಡವನು. ಓನರ್ ಪದ್ಮನಾಭನಗರದಲ್ಲಿ ಯಾರದ್ದೋ ಮದುವೆಗೆ ಹೋಗಿದ್ದ, ಊಟ ಮುಗಿಸಿಕೊಂಡು ಬರುವವನಿದ್ದ. ಅಷ್ಟರೊಳಗೆ ಆಗಬೇಕಿತ್ತು.

“ಸಾರ್, ಯಾರು ಕೈ ಹಾಕಿದ್ದು ಇದಕ್ಕೆ?” ಎಂದ ಮೆಕ್ಯಾನಿಕ್, ಪ್ಲಗ್ ನೋಡಿ.

“ನಾವೇ” ಎಂದರು ಇವರು. ಆ ‘ನಾವೇ’ ನನಗೆ ಅಷ್ಟೇನೂ ಹಿಡಿಸಲಿಲ್ಲ.

ಅವನು ಕಾರ್ಬೊರೇಟರ್ ಬಿಚ್ಚಿ, ಅದರ ತಳದಲ್ಲಿ ಗಟ್ಟಿಯಾಗಿದ್ದ ಅಂಟನ್ನು ತೊಳೆದು, ಸಣ್ಣ ತೂತುಗಳನ್ನೆಲ್ಲ ತಂತಿಯಿಂದ ಚುಚ್ಚಿ ಊದಿ, ಮತ್ತೆ ಜೋಡಿಸಿದ. ಒದ್ದ. ಇಲ್ಲ. ಇನ್ನೂ ಒದ್ದ. ನಿಂತು ತಲೆ ಕೆರೆದುಕೊಂಡ. ಅವನಿಗೂ ಆಗದ್ದು ನೋಡಿ ನನಗೆ ಒಂದು ಕ್ಷಣ ನೆಮ್ಮದಿಯಾಯಿತು ಎಂದು ಹೇಳಲು ನಾಚಿಕೆ. ಆಮೇಲೆ ಗಂಟೆ ನೋಡಿದೆ. ಹನ್ನೊಂದೂವರೆ.

“ಮೇಡಂ, ನೀವೊಂದ್ಸಲ ಒದೀರಿ” ಎಂದು ಅವನು ಹಿಂದಕ್ಕೆ ಹೋಗಿ ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದ. ಒದ್ದೆ. “ಇನ್ನೊಂದ್ಸಲ.” ಒದ್ದೆ.

“ಉಸಿರೇ ಬಿಡ್ತಿಲ್ಲ ಗುರು ಇದು!” ಎಂದು ನೆಲಕ್ಕೆ ಬಗ್ಗಿ, ಮೊಬೈಲ್ ಟಾರ್ಚ್ ಹಾಕಿ ಸೈಲೆನ್ಸರಿನೊಳಗೆ ಇಣುಕಿದ. “ಅಲ್ಲಾ ಮೇಡಂ, ಒಳಗಡೆ ಮಣ್ಣು ಮೆತ್ತಿದ್ದೀರಲ್ಲ, ಯಾಕೆ?”

ಬಗ್ಗಿ ನೋಡಿದೆ. ಬಾಯಿಂದ ಎರಡು ಬೆರಳು ಒಳಗೆ, ನುಣ್ಣಗೆ ಸಾರಿಸಿದ ಕೆಮ್ಮಣ್ಣು. ಕುಂಬಾರ ಹುಳದ ಗೂಡು. ಹಸಿ ಮಣ್ಣನ್ನು ಉಂಡೆ ಉಂಡೆಯಾಗಿ ಹೊತ್ತು ತಂದು, ಕಿಟಕಿ ಮೂಲೆಯಲ್ಲೋ ಬೀಗದ ತೂತಿನಲ್ಲೋ ಮನೆ ಕಟ್ಟುತ್ತದಲ್ಲ, ಆ ಕಣಜ. ಇಡೀ ಕೊಳವೆಯನ್ನು ಅದು ಮುಚ್ಚಿಬಿಟ್ಟಿತ್ತು. ಗಾಳಿ ಹೋಗಲು ದಾರಿಯಿಲ್ಲದೆ ಎಂಜಿನ್ನು ನನ್ನ ಪಾದವನ್ನು ವಾಪಸ್ಸು ತಳ್ಳುತ್ತಿದ್ದದ್ದು ಅದಕ್ಕೆ.

ಮೆಕ್ಯಾನಿಕ್ ಉದ್ದನೆಯ ಸ್ಕ್ರೂಡ್ರೈವರ್ ಎತ್ತಿಕೊಂಡ. “ಎರಡೇ ನಿಮಿಷ.”

“ಅಯ್ಯೋ, ಒಡೀಬ್ಯಾಡ ಕಣಪ್ಪೋ!”

ಅಜ್ಜಿ ಎದ್ದಿದ್ದರು. ಮಡಿಲಿನ ಸೊಪ್ಪೆಲ್ಲ ನೆಲಕ್ಕೆ ಚೆಲ್ಲಿತ್ತು. ಬಂದು ಗಾಡಿಗೂ ಅವನಿಗೂ ನಡುವೆ ನಿಂತೇ ಬಿಟ್ಟರು.

“ನಿಮಗೆ ಗೊತ್ತಿತ್ತಾ ಅಜ್ಜಿ?” ಎಂದೆ.

“ಗೊತ್ತಿಲ್ದೆ ಏನು? ಅದು ಮಣ್ಣು ಹೊತ್ಕೊಂಡು ಬರೋದ ನಾನೇ ಕೂತು ನೋಡಿವ್ನಿ. ಕುಂಬಾರ ಹುಳ ಗೂಡು ಕಟ್ಟಿದ್ ಮನೇಲಿ ಕೂಸು ಆಯ್ತದೆ ಕಣವ್ವ. ನನ್ ಸೊಸೆಗೆ ಮದ್ವೆ ಆಗಿ ಐದೊರ್ಸ ಆಯ್ತು. ಕೈಯ್ಯಾರ ಒಡೆದ್ಬುಟ್ಟು ಆಮೇಕೆ ಯಾವ್ ದೇವ್ರ ಕೇಳಾನ?”

“ಮೂರು ದಿನದಿಂದ ನಾನು ಒದೀತಾ ಇದ್ದೀನಿ, ನಿಮ್ಮ ಕಣ್ಣೆದುರಿಗೇ!”

“ಬ್ಯಾಡ ಅಂತ ಹೇಳ್ಲಿಲ್ವಾ ನಾನು? ನೀನೆಲ್ಲಿ ಕೇಳ್ದೆ?”

ಹೌದು, ಹೇಳಿದ್ದರು. ಹಿಂದುಗಡೆ ದಿನಾ ಒರೆಸುತ್ತಿದ್ದದ್ದೂ ಈಗ ಅರ್ಥವಾಯಿತು. ನನಗೆ ಅಳಬೇಕೋ ಕಿರುಚಬೇಕೋ ತಿಳಿಯಲಿಲ್ಲ. ಅಜ್ಜಿಯ ಮಗ ಗಾಡಿ ಓಡದಿದ್ದರೆ ಗುಜರಿಗೆ ಎನ್ನುತ್ತಾನೆ, ಅವನ ತಾಯಿ ಅವನ ಮಗುವಿಗೋಸ್ಕರ ಅದೇ ಗಾಡಿಯ ಉಸಿರು ಕಟ್ಟಿ ಕಾವಲು ಕೂತಿದ್ದಾರೆ, ನಾನು ಮಧ್ಯದಲ್ಲಿ ಒದೆಯುತ್ತಿದ್ದೇನೆ.

“ಗುಜರಿಗೆ ಹೋದ್ರೆ ಗೂಡೂ ಹೋಗುತ್ತಲ್ಲ ಅಜ್ಜಿ?” ಎಂದರು ಇವರು ಕುರ್ಚಿಯಿಂದ. ಮೂರು ದಿನದಲ್ಲಿ ಅವರಾಡಿದ ಮೊದಲ ಕೆಲಸದ ಮಾತು.

“ಗುಜರಿಯವನಿಗೆ ನಾ ಹೇಳ್ಕೊತಿದ್ದೆ ಬುಡಪ್ಪ, ಆ ಪೈಪು ಬುಟ್ಟೋಗು ಅಂತ” ಎಂದರು ಅಜ್ಜಿ. ಅವರು ಎಲ್ಲವನ್ನೂ ಯೋಚಿಸಿಟ್ಟಿದ್ದರು, ನಮ್ಮನ್ನೊಂದು ಬಿಟ್ಟು.

ಗಲಾಟೆ ಕೇಳಿ ಸೊಸೆ ಈಚೆ ಬಂದಳು. ಬ್ಯಾಂಕೊಂದರಲ್ಲಿ ಕೆಲಸ ಮಾಡುವ ಹುಡುಗಿ, ಭಾನುವಾರ ತಲೆಗೆ ಎಣ್ಣೆ ಹಚ್ಚಿಕೊಂಡಿದ್ದಳು. ಅವಳೇ ಒಡೆಯಿರಿ ಎಂದುಬಿಟ್ಟರೆ ಆಯಿತಲ್ಲ ಎಂದು ನಾನು ಆಸೆಯಿಂದ ಪಕ್ಕಕ್ಕೆ ಕರೆದೆ. “ನೀನೇ ಒಂದು ಮಾತು ಹೇಳಮ್ಮ.”

“ಏನ್ ಹೇಳ್ಲಿ ಆಂಟಿ?” ಅವಳ ದನಿ ತಗ್ಗಿನಲ್ಲಿತ್ತು. “ದಿನಾ ಆಫೀಸಿಂದ ಬಂದ ತಕ್ಷಣ ಅತ್ತೆ ನನ್ನ ಕರ್ಕೊಂಡೋಗಿ ಇದನ್ನ ತೋರಿಸ್ತಾರೆ. ಚಪ್ಪಲಿ ಬಿಡೋಕೂ ಬಿಡಲ್ಲ. ಒಡೆದ್ರೆ ನಾಳೆ ನಿಮ್ಮ ಮೇಲೆ ಬರುತ್ತೆ. ಬಿಟ್ರೆ, ಆಮೇಲೂ ಏನೂ ಆಗ್ಲಿಲ್ಲ ಅಂದ್ರೆ, ನನ್ನ ಮೇಲೆ ಬರುತ್ತೆ. ನನಗಂತೂ ಸಾಕಾಗಿದೆ.”

ಅವಳ ಮುಖ ನೋಡಿದ ಮೇಲೆ ಸ್ಕ್ರೂಡ್ರೈವರನ್ನು ನಾನೇ ಕಿತ್ತುಕೊಂಡು ಚುಚ್ಚುವ ಉತ್ಸಾಹ ಇಳಿದುಹೋಯಿತು. ಅದನ್ನು ಒಡೆದರೆ ಮುಂದಿನ ಐದು ವರ್ಷ ಅಜ್ಜಿಯ ಕಣ್ಣೆದುರಿಗೇ ಈ ಮೆಟ್ಟಿಲು ಹತ್ತಿ ಇಳಿಯಬೇಕಾದವಳು ನಾನು. ಒಡೆಯದಿದ್ದರೆ ಮೇಲೆ ಕೂತು ಮಂಡಿ ಸವರಿಕೊಳ್ಳುವವರನ್ನು ನೋಡಬೇಕಾದವಳೂ ನಾನೇ. ಗಂಟೆ ಹನ್ನೆರಡಕ್ಕೆ ಹತ್ತಿರ. ಇವರು ಟ್ಯಾಂಕಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು.

ಮೆಕ್ಯಾನಿಕ್ ಎಲ್ಲರನ್ನೂ ಒಂದು ಸುತ್ತು ನೋಡಿ, ಸ್ಕ್ರೂಡ್ರೈವರ್ ಜೇಬಿಗಿಟ್ಟುಕೊಂಡ.

“ಮೇಡಂ, ಗೂಡು ಇರೋದು ಸೈಲೆನ್ಸರ್‌ನಲ್ಲಿ, ಎಂಜಿನ್‌ನಲ್ಲಿ ಅಲ್ವಲ್ಲ. ಸೈಲೆನ್ಸರ್ ಬಿಚ್ಚಿ ಅಜ್ಜಿಗೆ ಕೊಟ್ಬಿಡೋಣ. ಅಂಗಡೀಲಿ ಹಳೇದೊಂದು ಬಿದ್ದಿದೆ, ಬೇರೆ ಗಾಡೀದು. ತಗಲಾಕ್ತೀನಿ. ಸ್ವಲ್ಪ ಸದ್ದು ಮಾಡುತ್ತೆ, ಅಷ್ಟೇ.”

“ಎಷ್ಟು ಹೊತ್ತು?”

“ನಟ್ಟು ಬಿಚ್ಚಿಕೊಂಡ್ರೆ ಅರ್ಧ ಗಂಟೆ. ಬಿಚ್ಕೊಳ್ಲಿಲ್ಲ ಅಂದ್ರೆ ಕೇಳ್ಬೇಡಿ.”

ನಟ್ಟು ತುಕ್ಕು ಹಿಡಿದು ಎಂಜಿನ್ನಿಗೆ ಅಂಟಿಕೊಂಡಿದ್ದವು. ಎಣ್ಣೆ ಬಿಟ್ಟ, ಸುತ್ತಿಗೆಯಿಂದ ತಟ್ಟಿದ. ಒಂದೊಂದು ತಟ್ಟಿಗೂ ಅಜ್ಜಿ “ನಿಧಾನ ಕಣಪ್ಪ, ನಿಧಾನ” ಎನ್ನುತ್ತಾ ಸೈಲೆನ್ಸರಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಕೊನೆಗೆ ಬಿಚ್ಚಿಕೊಂಡಿತು. ಅಜ್ಜಿ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ, ಮಸಿ ಸೋರಿದರೂ ಲೆಕ್ಕಿಸದೆ, ತೋಳಲ್ಲಿ ಮಲಗಿಸಿಕೊಂಡು ಒಳಗೆ ಹೋದರು. ಸೊಸೆ ನನ್ನತ್ತ ನೋಡಿ ಕಣ್ಣಲ್ಲೇ ಹಣೆ ಚಚ್ಚಿಕೊಂಡಳು. ಆಮೇಲೆ ಇಬ್ಬರಿಗೂ ನಗು ಬಂದುಬಿಟ್ಟಿತು.

ಮೆಕ್ಯಾನಿಕ್ ಅಂಗಡಿಗೆ ಓಡಿ ಹಳೆಯ ಸೈಲೆನ್ಸರ್ ತಂದ. ಅದರ ಕೊಂಡಿ ಈ ಗಾಡಿಗೆ ಕೂರಲಿಲ್ಲ, ತಂತಿ ಸುತ್ತಿ ಬಿಗಿದ. ಅಷ್ಟು ಹೊತ್ತಿಗೆ ಗೇಟಿನಲ್ಲಿ ಓನರ್, ರೇಷ್ಮೆ ಪಂಚೆ ಉಟ್ಟು, ತಾಂಬೂಲದ ಚೀಲ ಹಿಡಿದು ಬಂದು ನಿಂತ.

“ಏನಾಯ್ತು ಅಂಕಲ್? ಗುಜರಿಯವನಿಗೆ ಫೋನ್ ಮಾಡ್ಲಾ?”

“ಒದಿಯಪ್ಪ” ಎಂದರು ಇವರು ಮೆಕ್ಯಾನಿಕ್ಕಿಗೆ. ಅವನು ನನ್ನತ್ತ ನೋಡಿ ಪಕ್ಕಕ್ಕೆ ಸರಿದ. “ಮೇಡಂ ಒದೀಲಿ ಸಾರ್. ಮೂರು ದಿನದ ಸಿಟ್ಟಿದೆ.”

ಒದ್ದೆ. ಮೊದಲನೆಯದಕ್ಕೆ ಕೆಮ್ಮಿತು. ಎರಡನೆಯದಕ್ಕೆ ಗಾಡಿ ಎದ್ದು ಕೂಗಿದ ಸದ್ದಿಗೆ ಎದುರು ಮನೆಯ ಸಜ್ಜೆಯ ಪಾರಿವಾಳಗಳೆಲ್ಲ ಹಾರಿಹೋದವು. ಹಿಟ್ಟಿನ ಗಿರಣಿಯನ್ನು ತಂದು ಪಾರ್ಕಿಂಗಿನಲ್ಲಿ ಇಟ್ಟ ಹಾಗಿತ್ತು. ಓನರ್ ಕಿವಿ ಮುಚ್ಚಿಕೊಂಡ.

“ಏನ್ ಆಂಟಿ ಇದು, ಈ ತರ ಸೌಂಡು!”

“ಓಡಿಸಿ ತೋರ್ಸಿ ಅಂದೆ, ಓಡ್ತಿದೆ. ಸದ್ದು ಮಾಡ್ಬಾರ್ದು ಅಂತ ನೀನು ಹೇಳಿರ್ಲಿಲ್ಲಪ್ಪ” ಎಂದು ನಾನೂ ಕೂಗಿಯೇ ಹೇಳಿದೆ.

“ಸೈಲೆನ್ಸರ್ ಏನಾಯ್ತು?”

“ನಿಮ್ಮ ತಾಯೀನ ಕೇಳು.”

ಮೆಕ್ಯಾನಿಕ್ ಗಾಡಿ ಹತ್ತಿ ಬೀದಿ ಕೊನೆಯವರೆಗೆ ಹೋಗಿ ಬಂದ. ಅಷ್ಟೂ ಹೊತ್ತು ಇವರು ಗೇಟಿನ ಕಂಬಿ ಹಿಡಿದು, ಊರುಗೋಲನ್ನು ಕುರ್ಚಿಯ ಹತ್ತಿರವೇ ಬಿಟ್ಟು ಬಂದು ನಿಂತಿದ್ದರು. ಒಳಗೆ ಹೋಗಿದ್ದ ಓನರ್ ತಾಯಿಯಿಂದ ಏನು ಕೇಳಿಸಿಕೊಂಡನೋ, ಈಚೆ ಬಂದಾಗ ಮುಖ ಕೆಂಪಗಿತ್ತು. “ಇರ್ಲಿ ಬಿಡಿ ಅಂಕಲ್, ಅಲ್ಲೇ ನಿಲ್ಸಿ” ಎಂದಷ್ಟೇ ಹೇಳಿದ. ಸಂಜೆ ಬಂದ ಹೊಸಬರ ಒಂದು ಸ್ಕೂಟರ್ ಬೀದಿಯಲ್ಲಿ ನಿಂತಿತು.

ಆ ಸೈಲೆನ್ಸರ್ ಅಜ್ಜಿಯ ಮಂಚದ ಕೆಳಗಿದೆ. ಗೂಡಿನ ವಿಷಯವನ್ನು ನಾನು ಕೇಳುವುದಿಲ್ಲ, ಆ ಹುಡುಗಿಯೂ ಹೇಳುವುದಿಲ್ಲ, ಮೆಟ್ಟಿಲ ಹತ್ತಿರ ಸಿಕ್ಕಾಗ ಬ್ಯಾಂಕಿನ ಸುದ್ದಿ ಮಾತಾಡುತ್ತೇವೆ.

ಗಾಡಿಯನ್ನು ಮೂರು ದಿನಕ್ಕೊಮ್ಮೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಡಬೇಕು ಎಂದು ಮೆಕ್ಯಾನಿಕ್ ಹೇಳಿಹೋಗಿದ್ದಾನೆ. ಕ್ಯಾಲೆಂಡರಿನಲ್ಲಿ ಅದಕ್ಕೂ ಗುರುತು ಹಾಕುತ್ತಿದ್ದೇನೆ. ಮೊದಲ ಸಲ ಬುಧವಾರ. ಬೆಳಿಗ್ಗೆ ಸಾರಿಗಿಟ್ಟು ಕೆಳಗೆ ಹೋಗಿ ಒದ್ದೆ. ಒಂದೇ ಸಲಕ್ಕೆ ಹೊತ್ತಿಕೊಂಡಿತು. ಎರಡು ನಿಮಿಷಕ್ಕೆ ಮೆಟ್ಟಿಲ ಮೇಲೆ ಸದ್ದಾಯಿತು. ಇವರು ಗೋಡೆ ಹಿಡಿದುಕೊಂಡು ಒಬ್ಬರೇ ಇಳಿದು ಬರುತ್ತಿದ್ದರು. ನಾನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಗಾಡಿಯ ಪಕ್ಕ ನಿಂತು, ಒಳ್ಳೆಯ ಕಾಲನ್ನು ನೆಲಕ್ಕೆ ಊರಿ, ಇನ್ನೊಂದನ್ನು ಕೈಯಿಂದಲೇ ಎತ್ತಿ ಆಚೆ ಹಾಕಿ, ಸೀಟಿನ ಮೇಲೆ ಕೂತರು. ತಲೆಯ ಮೇಲೆ ಹೆಲ್ಮೆಟ್ ಇತ್ತು.

“ಸ್ಟ್ಯಾಂಡ್ ಮೇಲಿರೋ ಗಾಡಿಗೆ ಹೆಲ್ಮೆಟ್ ಯಾಕ್ರೀ?”

“ಏನು?”

“ಹೆಲ್ಮೆಟ್ ಯಾಕೆ ಅಂದೆ!”

“ಸದ್ದು ಜಾಸ್ತಿ ಕಣೆ” ಎಂದು ಕೂಗಿ, ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದುಕೊಂಡು ಗೋಡೆಯನ್ನು ನೋಡುತ್ತಾ ಕೂತರು. ಮೇಲೆ ಸಾರು ಉಕ್ಕುತ್ತಿತ್ತು. ಹತ್ತು ನಿಮಿಷ ಮುಗಿದರೂ ಇಳಿಯಲಿಲ್ಲ.